ಕಿಟಕಿ ಹಾಡಿನ ಮೂವತ್ಮೂರು ಹಾಳೆ

“ದೊಡ್ಡಮ್ಮ, ನಿನ್ನ ಧ್ವನಿ ಹೋಗತ್ತೆ ಅಂತ ಎಂಟು ದಿನ ಮುಂಚೇನೇ ಯಾರಿಗೋ ಗೊತ್ತಿತ್ತು.”

ಬಾಗಿಲು ದಾಟೋದ್ರೊಳಗೇ ಬಾಯಿಂದ ಬಿದ್ದುಬಿಡ್ತು. ಮೂರು ಮಹಡಿ ಮೆಟ್ಟಿಲು ಹತ್ತುವಾಗ ಮೊದಲು ಕೂರಿಸ್ಬೇಕು, ಆಮೇಲೆ ನೀರು ಕೊಡ್ಬೇಕು, ಆಮೇಲೆ ಮೆಲ್ಲಗೆ ಹೇಳ್ಬೇಕು ಅಂದ್ಕೊಂಡೇ ಬಂದಿದ್ದೆ. ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ.

ದೊಡ್ಡಮ್ಮ ತಲೆ ಎತ್ತಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಥಿಯೇಟರಿನ ಬಟ್ಟೆ ಕೋಣೇಲಿ ಅವಳು ಇಸ್ತ್ರಿ ಮಾಡ್ತಿರ್ತಾಳೆ, ಭೂಕಂಪ ಆದ್ರೂ ಮಾಡ್ತಾಳೆ. ಮೇಜಿನ ಮೇಲೆ ಒಂದು ಬಿಳಿ ಗೌನು. ಶನಿವಾರ ಸಿಲ್ವಾನಾ ಜೋಬೊಲಿ ಹಾಕ್ಕೊಳ್ಳೋದು. ಮೂವತ್ತು ವರ್ಷ ದೇಶ ದೇಶ ಸುತ್ತಿ ಹಾಡಿ, ಕೊನೇ ಸಲ ಹಾಡೋಕೆ ಅವಳು ನಮ್ಮ ಬೋರ್ಗೊ ಜೆನೆಸಿಯೊಗೇ ವಾಪಸ್ ಬಂದಿದ್ದಾಳೆ. ಅದೇ ಒಪೆರಾ, ಅದೇ ಪಾತ್ರ.

ಆ ಪಾತ್ರ ಮೊದಲು ದೊಡ್ಡಮ್ಮಂದು.

“ಯಾವ ಧ್ವನಿ?” ಅಂದ್ಲು, ತೋಳಿನ ನೆರಿಗೆ ಬಿಡಿಸ್ತಾ.

“ಇನ್ಯಾವ್ದು. ತೊಂಬತ್ನಾಲ್ಕು, ಮಾರ್ಚ್ ಹತ್ತೊಂಬತ್ತು.” ಫೋನ್ ತೆಗೆದು ಅವಳ ಮೂಗಿನ ಮುಂದೆ ಹಿಡಿದೆ. “ನಿನ್ನೆ ಹಳೇ ಹಾಳೆಗಳ ಕೋಣೇಲಿ ಒಂದು ಕಟ್ಟು ಸಿಕ್ತು ಅಂದೆನಲ್ಲ, ಇವತ್ತು ಬಿಚ್ಚಿದೆ. ಈ ಒಪೆರಾದ್ದೇ, ಕಿಟಕಿ ಹಾಡು. ಆರ್ಕೆಸ್ಟ್ರಾದ ಒಂದೊಂದು ಸ್ಟ್ಯಾಂಡಿಗೆ ಒಂದೊಂದು ಹಾಳೆ, ಎಲ್ಲಾ ಒಂದು ಸ್ವರ ಶ್ರುತಿ ಇಳಿಸಿ ಬರೆದಿರೋದು. ಕೊನೇ ಹಾಳೆ ಮೂಲೇಲಿ ತಾರೀಖು ನೋಡು. ಮಾರ್ಚ್ ಹನ್ನೊಂದು.”

ಇಸ್ತ್ರಿಪೆಟ್ಟಿಗೆ ನಿಂತಿತು.

“ಮೇಲಿನ ಸ್ವರ ನಿನಗೆ ಸಲೀಸು, ಶ್ರುತಿ ಇಳಿಸೋ ಅಗತ್ಯ ಇರಲಿಲ್ಲ,” ಅಂದೆ. “ಹಂಗಾದ್ರೆ ಇದು ಸಿಲ್ವಾನಾಗೆ. ನಿನ್ನ ಬದಲಿಗೆ ಅವಳೇ ಹಾಡೋದು ಅಂತ ಎಂಟು ದಿನ ಮುಂಚೇನೇ ತೀರ್ಮಾನ ಆಗಿತ್ತು. ನೀನು ಹೆದರಲಿಲ್ಲ ದೊಡ್ಡಮ್ಮ. ನಿನಗೆ ಯಾರೋ ಏನೋ ಮಾಡಿದ್ರು.”

ಈ ಒಂದು ಮಾತು ಹೇಳೋಕೆ ನಾನು ಹುಟ್ಟಿದಾಗಿಂದ ಕಾಯ್ತಿದ್ದೀನೇನೋ ಅನ್ನಿಸ್ತು.

ಯಾಕಂದ್ರೆ ನಮ್ಮೂರಲ್ಲಿ ಪರೀಕ್ಷೆಗೆ ಹೆದರಿದ ಹುಡುಗನಿಗೆ “ಆರ್ಜಿಯಾ ಆಗ್ಬೇಡ ಕಣೋ” ಅಂತಾರೆ. ಪೆನಾಲ್ಟಿ ಹೊಡಿಯೋಕೆ ಹಿಂದೆ ಸರಿದವನಿಗೂ ಅದೇ. ಹೇಳೋರಲ್ಲಿ ಅರ್ಧ ಜನಕ್ಕೆ ಆರ್ಜಿಯಾ ಯಾರು ಅಂತಲೂ ಗೊತ್ತಿಲ್ಲ. ಅವಳು ಈ ದೊಡ್ಡಮ್ಮ. ಒಂಬತ್ತನೇ ವಯಸ್ಸಿಗೆ ಚರ್ಚಿನ ಗಾಯನದಲ್ಲಿ ಮುಂದಿನ ಸಾಲು. ಹದಿನೆಂಟಕ್ಕೆ ಸಂಗೀತ ಶಾಲೆ, ದಿನಾ ಎರಡು ಬಸ್ಸು ಬದಲಾಯಿಸ್ಕೊಂಡು. ಆಮೇಲೆ ಮೇಳದಲ್ಲಿ ಮೂರು ವರ್ಷ. ಆಮೇಲೆ ಬಾಗಿಲು ತೆಗೆಯೋ ದಾಸಿ, ಕಾಗದ ತಂದುಕೊಡೋ ದಾಸಿ, “ಅಮ್ಮಾವ್ರೇ, ಯಾರೋ ಬಂದಿದ್ದಾರೆ” ಅನ್ನೋ ದಾಸಿ. ಹೀಗೆ ನಾಲ್ಕು ವರ್ಷ. ಇಪ್ಪತ್ತೇಳಕ್ಕೆ ಮುಖ್ಯ ಪಾತ್ರ, ತನ್ನೂರಲ್ಲೇ. ಪರದೆ ಏಳೋಕೆ ಅರ್ಧ ಗಂಟೆ ಇದ್ದಾಗ ಧ್ವನಿ ಹೋಯ್ತು. ಬದಲಿ ಹಾಡುಗಾರ್ತಿ ಸಿಲ್ವಾನಾ ಹಾಡಿದ್ಲು. ಗಂಟಲಲ್ಲಿ ಏನೂ ಇಲ್ಲ, ಬರೀ ಹೆದರಿಕೆ ಅಂದ್ರು ಡಾಕ್ಟ್ರು. ನಾಲ್ಕನೇ ದಿನಕ್ಕೆ ಧ್ವನಿ ವಾಪಸ್ ಬಂತು, ಹಾಡು ಬರಲಿಲ್ಲ.

“ಎಲ್ಲಾ ಹಾಳೇನೂ ಬರೆದಿದ್ನಾ?” ಅಂದ್ಲು ದೊಡ್ಡಮ್ಮ.

“ಮೂವತ್ಮೂರೂ.”

“ಹಾರ್ಪಿಂದೂ?”

“ಹಾರ್ಪಿಂದೂ.”

ಅವಳು ಫೋನಿನ ಮೇಲೆ ಬೆರಳಾಡಿಸಿದ್ಲು, ಒಳಗಿರೋ ಹಾಳೆ ಸವರೋಕೆ ಆಗತ್ತೇನೋ ಅನ್ನೋ ಥರ. ಸುಟ್ಟ ವಾಸನೆ ಬಂತು. ಮೂವತ್ತು ವರ್ಷದಲ್ಲಿ ಮೊದಲ ಸಲ ದೊಡ್ಡಮ್ಮ ಒಂದು ಬಟ್ಟೆ ಸುಟ್ಟಿದ್ಲು. ಗೌನಿನ ತೋಳಲ್ಲಿ ಕಾಸಗಲ ಕಂದು ಕಲೆ.

“ಎರ್ಮೆತೆ ತಾತನ ಕೇಳ್ತೀನಿ,” ಅಂದೆ. “ಕೈಬರಹ ಅವರದೇ. ಯಾರು ಬರೆಸಿದ್ದು ಅಂತ ಅವರು ಹೇಳ್ಲೇಬೇಕು.”

“ಆ ಮನುಷ್ಯನ ಹತ್ರ ಹೋಗ್ಬೇಡ.”

“ಯಾಕೆ?”

ಅವಳು ಕಲೆ ಉಜ್ಜೋಕೆ ಶುರು ಮಾಡಿದ್ಲು. ಬೇಡ ಅಂತ ಇನ್ನೊಂದು ಸಲ ಹೇಳಲಿಲ್ಲ. ನಾನು ಅದನ್ನೇ ಒಪ್ಪಿಗೆ ಅಂದ್ಕೊಂಡು ಹೊರಟೆ.

ಥಿಯೇಟರಿಂದ ಎರ್ಮೆತೆ ತಾತನ ಮನೆಗೆ ಇನ್ನೂರು ಹೆಜ್ಜೆ. ಪೋ ನದಿ ಕಡೆಯಿಂದ ಮಂಜು ಬಂದು ಚೌಕದ ಅರ್ಧ ನುಂಗಿಬಿಟ್ಟಿತ್ತು. ಅಮ್ಮನ ಫೋನ್ ಬಂತು. ಅಮ್ಮ ಅಂದ್ರೆ ರೊಸಾಲ್ಬಾ, ದೊಡ್ಡಮ್ಮನ ತಂಗಿ. ಚರ್ಚ್ ಪಕ್ಕ ತಾಜಾ ಪಾಸ್ತಾ ಅಂಗಡಿ ನಮ್ಮದು.

“ಎಲ್ಲಿದ್ದೀಯ?”

“ಮಂಜಲ್ಲಿ.”

“ಬುದ್ಧಿವಂತೆ. ಸಾಯಂಕಾಲ ಅಂಗಡಿಗೆ ಬಂದು ದೊಡ್ಡಮ್ಮಂಗೆ ಆನೊಲಿನಿ ಪಾಸ್ತಾ ತಗೊಂಡು ಹೋಗು, ಮಾಡಿಟ್ಟಿದ್ದೀನಿ.”

“ಅದು ಭಾನುವಾರದ ಅಡುಗೆ, ಇವತ್ತು ಭಾನುವಾರ ಅಲ್ವಲ್ಲ.”

“ಸಿಲ್ವಾನಾ ಬಂದಿದ್ದಾಳಂತೆ. ಈ ವಾರ ಅಕ್ಕಂಗೆ ಅಡುಗೆ ಮಾಡ್ಕೊಳ್ಳೋ ಮನಸ್ಸು ಇರಲ್ಲ. ಮತ್ತೆ ಆ ಹಳೇ ಕಾಗದ ಕೆದಕಿ ಅವಳ ತಲೆ ತಿನ್ಬೇಡ.”

“ಕೆದಕೋದೇ ನನ್ನ ಕೆಲಸ. ಥಿಯೇಟರಿನೋರು ಅದಕ್ಕೇ ಇಟ್ಕೊಂಡಿರೋದು. ಫೋಟೊ ತೆಗಿ, ಕಂಪ್ಯೂಟರಿಗೆ ಹಾಕು.”

“ತೆಗಿ. ಓದ್ಬೇಡ,” ಅಂದು ಅಮ್ಮ ಫೋನ್ ಇಟ್ಟುಬಿಟ್ಲು.

ಎರ್ಮೆತೆ ತಾತಂಗೆ ಎಂಬತ್ತಾರು. ನಲವತ್ತು ವರ್ಷ ನಮ್ಮ ಥಿಯೇಟರಿಗೆ ಸಂಗೀತದ ಹಾಳೆ ನಕಲು ಮಾಡಿ ಬರೆದೋರು. ಬಿಡುವಿದ್ದಾಗೆಲ್ಲ ಮೇಲ್ಗಡೆ ಗ್ಯಾಲರೀಲಿ ನಿಂತು ಹಾಡುಗಾರರ ಜನ್ಮ ಜಾಲಾಡಿದೋರು. ಆ ಗ್ಯಾಲರಿಯೋರು ಅಂಗಿ ಜೇಬಲ್ಲಿ ಸ್ವರ ಪರೀಕ್ಷಿಸೋ ಶ್ರುತಿಕವಲು ಇಟ್ಕೊಂಡು ಬರ್ತಿದ್ರು. ಯಾರಾದ್ರೂ ಕಷ್ಟದ ಹಾಡನ್ನ ಕದ್ದುಮುಚ್ಚಿ ಶ್ರುತಿ ಇಳಿಸಿ ಹಾಡಿದ್ರೆ ಮೊದಲ ಸಾಲಿಗೇ ಕಂಡುಹಿಡಿದು, ಪರದೆ ಬೀಳೋವರೆಗೂ ಸಿಳ್ಳೆ.

ಬಾಗಿಲು ತೆಗೆದ ತಕ್ಷಣ ಅವರ ಕಣ್ಣು ನನ್ನ ಕುತ್ತಿಗೆಗೆ ಹೋಯ್ತು.

“ಆ ಸ್ಕಾರ್ಫ್ ಹೊರಗಡೆ ಬಿಡು.”

“ಚಳಿ ತಾತ.”

“ಅಪಶಕುನದ ನೇರಳೆ ಬಣ್ಣ ಹಾಕ್ಕೊಂಡು ಥಿಯೇಟರಿನೋರ ಮನೆಗೆ ಬರ್ತಾರಾ? ಸಂಗೀತ ಶಾಲೇಲಿ ಏನು ಕಲಿಸ್ತಾರೆ ನಿಮಗೆ, ಹೊಲಿಗೇನಾ?”

ಸ್ಕಾರ್ಫ್ ಬಿಚ್ಚಿ ಹೊರಗೆ ನಿಂತಿದ್ದ ಅವರ ಸೈಕಲ್ ಮೇಲೆ ಹಾಕಿ ಬಂದೆ. ಅಡುಗೆಮನೆ ಮೇಜಿನ ಮೇಲೆ ಇಸ್ಪೀಟು ಹರಡಿತ್ತು, ಒಬ್ಬರೇ ಆಡ್ತಿದ್ರು, ಸೋಲ್ತಿದ್ರು. ನಾನು ಪೀಠಿಕೆ ಹಾಕದೆ ಫೋನನ್ನ ಇಸ್ಪೀಟಿನ ಮೇಲಿಟ್ಟೆ.

“ಇದು ನಿಮ್ಮ ಕೈಬರಹ.”

ಅವರು ಕನ್ನಡಕ ಹುಡುಕಿದ್ರು, ಒರೆಸಿದ್ರು, ಹಾಕ್ಕೊಂಡ್ರು. ನೋಡಿದ್ರು. ಆಮೇಲೆ ಕನ್ನಡಕ ತೆಗೆದ್ರು.

“ನೀಟಾಗಿ ಬರೀತಿದ್ದೆ,” ಅಂದ್ರು.

“ಸಿಲ್ವಾನಾಗೆ ಬರೆದ್ರಿ. ನಮ್ಮ ದೊಡ್ಡಮ್ಮ ಹಾಡಲ್ಲ ಅಂತ ನಿಮಗೆ ಹನ್ನೊಂದನೇ ತಾರೀಖೇ ಗೊತ್ತಿತ್ತು. ಯಾರು ಬರೆಸಿದ್ದು? ಮೇಸ್ಟ್ರು ಬೆನಾತ್ತೀನಾ? ಇಲ್ಲಾ ಸಿಲ್ವಾನಾನೇ ಬಂದು ಕೇಳಿದ್ಲಾ?”

ಮೇಸ್ಟ್ರು ಬೆನಾತ್ತಿ ಅವತ್ತು ಆರ್ಕೆಸ್ಟ್ರಾ ನಡೆಸಿದೋರು. ತೀರ್ಕೊಂಡು ಹನ್ನೆರಡು ವರ್ಷ ಆಯ್ತು.

ತಾತ ನಕ್ರು. ಮುದುಕರು ಹಲ್ಲಿಲ್ಲದೆ ನಕ್ರೆ ಪಾಪ ಅನ್ಸತ್ತೆ ಅಂತಾರಲ್ಲ, ನನಗಂತೂ ಮೈ ಉರೀತು.

“ಹುಡುಗಿ, ಈ ಹಾಳೆ ಯಾರಾದ್ರೂ ನುಡಿಸಿದ ಹಾಳೆ ಥರ ಕಾಣತ್ತಾ?”

“ಅಂದ್ರೆ?”

“ದೊಡ್ಡದು ಮಾಡು. ಕೆಳಗಿನ ಮೂಲೆ. ಅಲ್ಲಿ ಏನಿದೆ?”

“ಏನೂ ಇಲ್ಲ.”

“ಏನೂ ಇಲ್ಲ. ಪುಟ ತಿರುಗಿಸಿದ ಬೆರಳ ಜಿಡ್ಡಿಲ್ಲ. ಸೀಸದ ಗುರುತಿಲ್ಲ, ಕಾಫಿ ಕಲೆ ಇಲ್ಲ, ಮೇಸ್ಟ್ರ ಮೂಗಿನ ಚಿತ್ರ ಇಲ್ಲ. ಯಾವ ವಾದ್ಯದವನು ತನ್ನ ಹಾಳೆ ಇಷ್ಟು ಚೊಕ್ಕವಾಗಿ ಇಟ್ಟಿದ್ದು ನೋಡಿದ್ದೀಯ? ಈಗ ಹಳೇ ಹಾಳೆ ತೋರ್ಸು. ಶ್ರುತಿ ಇಳಿಸದೇ ಇರೋದು. ಬಸೂನ್‌ದು.”

ಅದರ ಫೋಟೊನೂ ಇತ್ತು. ಬಸೂನ್ ನುಡಿಸೋನಿಗೆ ಅರ್ಧ ಒಪೆರಾ ಕೆಲಸ ಇರಲ್ಲ, ಸುಮ್ನೆ ಕೂತು ಹಾಳೆ ಅಂಚಲ್ಲಿ ಡೈರಿ ಬರೀತಾನೆ. ನಾನೇ ಓದಿ ಬಿದ್ದು ಬಿದ್ದು ನಕ್ಕಿದ್ದೆ, ಫುಟ್‌ಬಾಲ್ ಸ್ಕೋರು, ಹೆಂಡತಿ ಬೈದಿದ್ದು. ಹತ್ತೊಂಬತ್ತನೇ ತಾರೀಖಿನ ಸಾಲು ಸಣ್ಣ ಅಕ್ಷರದಲ್ಲಿ ಕಿಟಕಿ ಹಾಡಿನ ಪಕ್ಕದಲ್ಲೇ ಇತ್ತು. ಅದನ್ನ ನಾನು ಓದೇ ಇರಲಿಲ್ಲ.

*ಮಂಜು. ಆರ್ಜಿಯಾ ಇಲ್ಲ, ಸಿಲ್ವಾನಾ. ಮೇಲಿನ ಸ್ವರ ಹಿಡಿದ್ಲು, ಗಟ್ಟಿ. ಗ್ಯಾಲರಿ ಎದ್ದು ನಿಂತಿತು.*

“ಸಿಲ್ವಾನಾಗೆ ಶ್ರುತಿ ಇಳಿಸೋ ಅಗತ್ಯಾನೇ ಇರಲಿಲ್ಲ,” ಅಂದ್ರು ತಾತ. “ಅವತ್ತು ಹಾಡಿದ್ದು ಮೂಲ ಶ್ರುತೀಲೇ.”

ನಾನು ಆ ಸಾಲನ್ನ ಇನ್ನೊಂದು ಸಲ ಓದಿದೆ.

“ಹಂಗಾದ್ರೆ ಈ ಹಾಳೆ ಯಾರಿಗೆ?”

“ಯಾರಿಗೆ ಅಂತ ನಿನಗೆ ಈಗ ಗೊತ್ತು. ನನ್ನ ಬಾಯಿಂದ ಕೇಳ್ಬೇಕಾ?” ಅವರು ಎರಡು ಲೋಟಕ್ಕೆ ಕೆಂಪು ವೈನ್ ಬಗ್ಗಿಸಿದ್ರು. ಒಂದನ್ನ ನನ್ನ ಕಡೆ ತಳ್ಳಿದ್ರು. “ಸೈಕಲ್ ತುಳ್ಕೊಂಡು ಬಂದ್ಲು, ಇದೇ ಅಡುಗೆಮನೆಗೆ. ನೀನು ಕೂತಿರೋ ಕುರ್ಚಿ. ಎರ್ಮೆತೆ, ಹತ್ತು ಸಲಕ್ಕೆ ಮೂರು ಸಲ ಆ ಸ್ವರ ನನಗೆ ಸಿಗ್ತಿಲ್ಲ, ಮೊದಲ ರಾತ್ರಿ ಮಾತ್ರ ಇಳಿಸಿ ಕೊಡಿ, ಮೇಸ್ಟ್ರು ಒಪ್ಪಿದ್ದಾರೆ, ಯಾರಿಗೂ ಹೇಳ್ಬೇಡಿ ಅಂದ್ಲು. ನನ್ನ ಹತ್ರ. ಗ್ಯಾಲರೀಲಿ ನಾನೇ ಮೊದಲ ಸಿಳ್ಳೆ ಹಾಕೋನು, ನನ್ನ ಹತ್ರ.”

“ನೀವು ಒಪ್ಪಿದ್ರಿ.”

“ಒಂಬತ್ತು ವರ್ಷದವಳಿದ್ದಾಗಿಂದ ಚರ್ಚಲ್ಲಿ ಕೇಳಿದ್ದೀನಿ ಆ ಧ್ವನಿ. ಒಪ್ಪದೆ?” ಲೋಟ ತಿರುಗಿಸಿದ್ರು. “ಶ್ರುತಿಕವಲನ್ನ ಮನೇಲೇ ಬಿಟ್ಟು ಹೋಗ್ತೀನಿ ಅಂತ ಮಾತು ಕೊಟ್ಟೆ. ಮೂವತ್ಮೂರು ಹಾಳೆ ಬರೆದೆ. ಹದಿನೆಂಟನೇ ತಾರೀಖು ಸಾಯಂಕಾಲ ಎಲ್ಲರ ಹಾಳೆ ಮೇಲೂ ಕ್ಲಿಪ್ ಹಾಕಿ ಸಿಕ್ಕಿಸಿದೆ. ಮಾರನೇ ದಿನ ಸಾಯಂಕಾಲ ಆರೂವರೆಗೆ ಸ್ಟ್ಯಾಂಡಿನ ದೀಪ ನೋಡೋಕೆ ಇಳಿದೆ. ಒಂದೂ ಇಲ್ಲ.”

“ಒಂದೂ?”

“ಮೂವತ್ಮೂರೂ ಮಾಯ. ಏಳು ಗಂಟೆಗೆ ಅವಳು ಮೇಲಿಂದ ಬಗ್ಗಿ ಕೇಳಿದ್ಲು, ಹಾಕಿದ್ದೀರಾ ಅಂತ. ಕಾಣ್ತಿಲ್ಲ ಅಂದೆ. ಅವಳು ನನ್ನ ನೋಡಿದ ರೀತಿ ಇದೆಯಲ್ಲ.” ಅವರು ಕುಡಿಯಲಿಲ್ಲ. “ಗ್ಯಾಲರಿ ಮುದುಕ ಬರೆದೇ ಇಲ್ಲ, ಬರೀತೀನಿ ಅಂತ ನಂಬಿಸಿ ಕೈ ಕೊಟ್ಟ. ಹಂಗೆ ಅಂದ್ಕೊಂಡ್ಲು. ಅರ್ಧ ಗಂಟೇಲಿ ಧ್ವನಿ ಹೋಯ್ತು. ಹಾಳೆ ಮಾರನೇ ದಿನ ಸಿಕ್ವು, ಹಾರ್ಪಿನ ಖಾಲಿ ಪೆಟ್ಟಿಗೇಲಿ. ತಗೊಂಡು ಅವಳ ಮನೆಗೆ ಹೋದೆ. ಬಾಗಿಲು ತೆಗೀಲಿಲ್ಲ. ಆವಾಗಿಂದ ಎದುರಿಗೆ ಸಿಕ್ಕಿದ್ರೆ ರಸ್ತೆ ದಾಟ್ತಾಳೆ.”

ಆಗ ಹೊಳೀತು ನನಗೆ. ಬಟ್ಟೆ ಕೋಣೇಲಿ ದೊಡ್ಡಮ್ಮ ಕೇಳಿದ್ದು. *ಎಲ್ಲಾ ಹಾಳೇನೂ ಬರೆದಿದ್ನಾ?* ಯಾರು ಬರೆದದ್ದು ಅಂತ ನಾನು ಆಗ ಬಾಯೇ ಬಿಟ್ಟಿರಲಿಲ್ಲ. ನಾನು ಪತ್ತೇದಾರಿ ಅಂತ ಮೆರೀತಿದ್ದಾಗ ಅವಳು ಬೇರೆ ಏನೋ ಕೇಳಿಸ್ಕೊಂಡಿದ್ಲು. ಎರ್ಮೆತೆ ಕೈ ಕೊಟ್ಟಿರಲಿಲ್ಲ ಅನ್ನೋದನ್ನ.

“ಯಾರು ತೆಗೆದ್ರು ತಾತ?”

“ಹಾಳೆ ಇದೆ ಅಂತ ಗೊತ್ತಿದ್ದೋರು ಮೂರು ಜನ. ನಾನು ತೆಗೀಲಿಲ್ಲ. ಮೇಸ್ಟ್ರು ತೆಗೀಬೇಕಾಗಿರಲಿಲ್ಲ, ಬೇಡ ಅಂದಿದ್ರೆ ಸಾಕಿತ್ತು. ಉಳಿದಿದ್ದು ಅವಳು.” ಮೇಜಿನ ಮೇಲೆ ಬಗ್ಗಿದ್ರು. “ಅವಳು ಯಾರಿಗೆ ಹೇಳಿದ್ಲು ಅಂತ ಅವಳನ್ನೇ ಕೇಳು. ನನಗೆ ಕೇಳೋಕೆ ಮೂವತ್ತು ವರ್ಷ ಆಗಲಿಲ್ಲ. ನಾಳೆ ಹನ್ನೊಂದಕ್ಕೆ ಇಲ್ಲಿಗೆ ಕರ್ಕೊಂಡು ಬಾ.”

“ಬರದೇ ಇದ್ರೆ?”

“ಬರದೇ ಇದ್ರೆ ನೀನೊಬ್ಬಳೇ ಬಂದು ಇಸ್ಪೀಟಾಡು. ಸ್ಕಾರ್ಫ್ ಮನೇಲಿ ಬಿಟ್ಟು ಬಾ.”

ವಾಪಸ್ ಹೋದಾಗ ಬಟ್ಟೆ ಕೋಣೆ ಬಾಗಿಲು ಅರ್ಧ ತೆಗೆದಿತ್ತು. ದೊಡ್ಡಮ್ಮ ಸುಟ್ಟ ಕಲೆ ಮೇಲೆ ಲೇಸು ಹೊಲೀತಿದ್ಲು. ಗೋಡೆ ಮೇಲಿನ ಸ್ಪೀಕರಲ್ಲಿ ಕೆಳಗಿನ ರಿಹರ್ಸಲ್ ಬರ್ತಿತ್ತು, ಪಿಯಾನೊ, ಅದರ ಮೇಲೆ ಸಿಲ್ವಾನಾ. ಕಿಟಕಿ ಹಾಡು. ಊರು ಬಿಟ್ಟು ಹೋಗೋ ಗಂಡನ್ನ ಕಿಟಕಿಯಿಂದ ನೋಡ್ತಾ ಹೆಂಡತಿ ಹಾಡೋದು. ಅವನು ತಿರುಗಿ ನೋಡಲ್ಲ.

ನಾನು ಬಾಯಿ ತೆಗೆಯೋಷ್ಟರಲ್ಲಿ ಅವಳು ಸೂಜಿ ಎತ್ತಿ ಸುಮ್ನಿರು ಅಂದ್ಲು.

ಮೇಲಿನ ಸ್ವರ ಬಂತು. ಚೆನ್ನಾಗೇ ಬಂತು.

“ಒಂದು ಸ್ವರ ಇಳಿಸಿದ್ದಾಳೆ,” ಅಂದ್ಲು ದೊಡ್ಡಮ್ಮ. “ಐವತ್ತೆಂಟು ವರ್ಷ, ಇಳಿಸ್ದೆ ಏನು ಮಾಡ್ತಾಳೆ. ಶನಿವಾರ ಒಬ್ಬರೂ ಸಿಳ್ಳೆ ಹಾಕಲ್ಲ ನೋಡ್ತಿರು. ಎದ್ದು ನಿಂತು ಅಳ್ತಾರೆ.”

“ದೊಡ್ಡಮ್ಮ, ಹಾಳೆ ನೀನೇ ಬರೆಸಿದ್ದು.”

“ಹೂಂ.”

“ನಾನು ಎಷ್ಟು ದೊಡ್ಡ ಭಾಷಣ ಮಾಡಿದೆ. ಮೊದಲೇ ಹೇಳ್ಬಾರ್ದಿತ್ತಾ?”

“ನೀನು ಹೆದರಲಿಲ್ಲ ಅಂದ್ಯಲ್ಲ.” ಅವಳು ದಾರ ಕಚ್ಚಿ ಕತ್ತರಿಸಿದ್ಲು. “ಆ ಮಾತನ್ನ ಇದುವರೆಗೂ ಯಾರೂ ಅಂದಿರಲಿಲ್ಲ. ಸ್ವಲ್ಪ ಹೊತ್ತು ಕೇಳಿಸ್ಕೊಂಡು ಇರೋಣ ಅನ್ನಿಸ್ತು.”

ನಾನು ಬಟ್ಟೆ ಬುಟ್ಟಿ ಮೇಲೆ ಕೂತೆ. ಅಳು ಬಂದ್ರೆ ನಾನು ಮಾತು ಜಾಸ್ತಿ ಆಡ್ತೀನಿ, ಅದಕ್ಕೆ ತುಟಿ ಕಚ್ಚಿ ಹಿಡ್ಕೊಂಡೆ.

“ಏಳು ಸಲ ಬರ್ತಿತ್ತು,” ಅಂದ್ಲು. “ಹತ್ತಕ್ಕೆ ಏಳು. ಬಂದಾಗ ಹೆಂಗಿರ್ತಿತ್ತು ಗೊತ್ತಾ, ನಾನು ಹಾಡಿದ ಹಂಗೇ ಇರ್ತಿರಲಿಲ್ಲ. ಎಲ್ಲಿಂದಲೋ ಬಂದು ನನ್ನ ದಾಟ್ಕೊಂಡು ಹೋಗ್ತಿತ್ತು. ಸಿಲ್ವಾನಾ ಥರ ವಿಯೆನ್ನಾ, ಅಮೆರಿಕ ಏನೂ ಬೇಕಿರಲಿಲ್ಲ ಕಣೇ ನನಗೆ. ಈ ಊರಲ್ಲಿ ಒಂದು ರಾತ್ರಿ ಆ ಕಿಟಕೀಲಿ ನಿಂತ್ಕೋಬೇಕಿತ್ತು. ಬಾಗಿಲು ತೆಗೆದು ತೆಗೆದು ಸಾಕಾಗಿತ್ತು.”

ಕೆಳಗೆ ಪಿಯಾನೊ ನಿಂತಿತು. ಯಾರೋ ಕೆಮ್ಮಿದ್ರು. ಸಿಲ್ವಾನಾ ಏನೋ ಹೇಳಿ ನಕ್ಕಿದ್ದು ಸ್ಪೀಕರಲ್ಲಿ ಕೇಳಿಸ್ತು. ದೊಡ್ಡಮ್ಮ ಎದ್ದು ಅದನ್ನ ಆರಿಸಿದ್ಲು.

“ಎರ್ಮೆತೆ ತಾತ ಹಾಳೆಗಳನ್ನ ಸಿಕ್ಕಿಸಿದ್ರಂತೆ,” ಅಂದೆ. “ಹಿಂದಿನ ದಿನವೇ. ಯಾರೋ ಬಂದು ಎಲ್ಲಾ ತೆಗೆದು ಹಾರ್ಪಿನ ಪೆಟ್ಟಿಗೇಲಿ ಬಚ್ಚಿಟ್ರು. ನಾಳೆ ಹನ್ನೊಂದಕ್ಕೆ ನಿನ್ನ ಬರೋಕೆ ಹೇಳಿದ್ದಾರೆ.”

ಅವಳು ಕೂತ್ಲು.

“ಇನ್ನೊಂದು ಕೇಳಿದ್ರು,” ಅಂದೆ. “ಶ್ರುತಿ ಇಳಿಸಿದ್ದು ನೀನು ಯಾರಿಗೆ ಹೇಳಿದ್ದೆ?”

“ಯಾರಿಗೂ ಹೇಳ್ಲಿಲ್ಲ.”

“ದೊಡ್ಡಮ್ಮ.”

“ಹೇಳ್ಲಿಲ್ಲ ಅಂದ್ನಲ್ಲ.”

“ಸಿಲ್ವಾನಾಗೆ ಹೇಳಿದ್ದೆ ಅಲ್ವಾ? ಸ್ನೇಹಿತೆ ಅಂತ ಬಾಯಿ ಬಿಟ್ಟಿರ್ತೀಯ.”

“ನನ್ನ ಪಾತ್ರಕ್ಕೆ ಕಾಯ್ತಾ ಕೂತಿರೋಳಿಗೆ ನನ್ನ ಗಂಟಲಿನ ವಿಷಯ ಹೇಳ್ತೀನಾ? ನಿನಗೆ ಬುದ್ಧಿ ಇದೆಯಾ?”

ಅವಳ ಕೈ ಗೌನಿನ ಲೇಸಿನ ಮೇಲೆ ಮೆಲ್ಲಗೆ ಓಡಾಡ್ತಿತ್ತು, ಆಮೇಲೆ ಓಡಾಡೋದು ನಿಲ್ತು.

“ಹದಿನೆಂಟನೇ ತಾರೀಖು ರಾತ್ರಿ ನಿದ್ದೆ ಬರಲಿಲ್ಲ,” ಅಂದ್ಲು. ಧ್ವನಿ ಕೇಳಿ ನನಗೇ ಭಯ ಆಯ್ತು, ಅಷ್ಟು ಸಣ್ಣಗಿತ್ತು. “ಪಕ್ಕದ ಹಾಸಿಗೇಲಿ ಅವಳೂ ಎಚ್ಚರ ಇದ್ಲು. ಅಕ್ಕಾ, ನಾಳೆ ಆ ಸ್ವರ ಬರತ್ತಾ ಅಂತ ಕೇಳಿದ್ಲು. ಬರದಿದ್ರೂ ಪರವಾಗಿಲ್ಲ, ಇಳಿಸಿಬಿಟ್ಟಿದ್ದೀನಿ, ಮಲ್ಕೋ ಅಂದೆ. ಹದಿನೈದು ವರ್ಷದ ಹುಡುಗಿ. ದಿನಾ ಸ್ಕೂಲ್ ಮುಗಿಸಿ ಥಿಯೇಟರಿಗೇ ಬರ್ತಿದ್ಲು, ವಾದ್ಯದೋರ ಮಧ್ಯೆ ಕೂತು ಹೋಮ್‌ವರ್ಕ್ ಮಾಡ್ತಿದ್ಲು. ಅವತ್ತಿಂದ ಈ ಕಟ್ಟಡದೊಳಗೆ ಕಾಲಿಟ್ಟಿಲ್ಲ. ನನ್ನ ಮೇಲಿನ ಪ್ರೀತಿಗೆ ಅಂದ್ಕೊಂಡಿದ್ದೆ.”

ನಮ್ಮ ಮನೇಲಿ ಆ ಪಕ್ಕದ ಹಾಸಿಗೆಯ ಕಥೆ ನಾನು ನೂರು ಸಲ ಕೇಳಿದ್ದೀನಿ. ಅಕ್ಕ ಹಾಡು ಅಭ್ಯಾಸ ಮಾಡ್ತಿದ್ದಿದ್ದು, ತಂಗಿ ದಿಂಬು ತಲೆ ಮೇಲೆ ಇಟ್ಕೊಳ್ತಿದ್ದಿದ್ದು.

“ಅಮ್ಮ,” ಅಂದೆ. “ನಮ್ಮಮ್ಮ.”

ದೊಡ್ಡಮ್ಮ ಗೌನನ್ನ ಹ್ಯಾಂಗರಿಗೆ ಹಾಕಿ, ಭುಜ ಸರಿ ಮಾಡಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದ್ಲು. ಒಳಗೆ ಯಾರೂ ಇಲ್ಲದ ಗೌನನ್ನ ಅಷ್ಟು ಹೊತ್ತು ಯಾರೂ ನೋಡಲ್ಲ.

“ನಾಳೆ ಹನ್ನೊಂದಕ್ಕೆ ಎರ್ಮೆತೆ ಮನೆಗೆ ಬರ್ತೀನಿ,” ಅಂದ್ಲು. “ರೊಸಾಲ್ಬಾನ ಕರ್ಕೊಂಡು ಬಾ, ಆ ಹಾಳೆ ಯಾಕೆ ತೆಗೆದ್ಲು ಅಂತ ಅವಳ ಬಾಯಿಂದಲೇ ಕೇಳ್ಬೇಕು. ಅಂಗಡಿ ಇದೆ ಅಂತಾಳೆ, ಮುಚ್ಚಿಸು. ಯಾಕೆ ಕರೀತಿದ್ದೀನಿ ಅಂತ ಮಾತ್ರ ಹೇಳ್ಬೇಡ.”